ಮುರಿದ ಫುಟ್‌ರೆಸ್ಟಿನ ಎರಡು ತುಂಡು

೧೯೯೪ರ ಅಕ್ಟೋಬರ್ ೭, ಶುಕ್ರವಾರ. ಬೆಳಿಗ್ಗೆ ಕಳಮಶ್ಶೇರಿ ಠಾಣೆಗೆ ಬಂದ ಯುವಕ ಕುರ್ಚಿ ತೋರಿಸಿದರೂ ಕೂರಲಿಲ್ಲ. ಹೆಸರು ಸಂದೀಪ್, ಊರು ಮಂಗಳೂರು. ಅವನ ಅಕ್ಕ ಕುಸುಮಾವತಿ ಇಲ್ಲಿ ಬ್ಯಾಂಕಿನಲ್ಲಿ ಕೆಲಸಕ್ಕಿದ್ದವಳು. ಮಂಗಳವಾರ ಗಂಡನ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಇನ್ನೂ ಎಚ್ಚರ ಬಂದಿರಲಿಲ್ಲ.

"ಅದು ಆಕ್ಸಿಡೆಂಟ್ ಅಲ್ಲ ಸರ್. ಭಾವನೇ ಮಾಡಿದ್ದು."

ಇನ್ಸ್‌ಪೆಕ್ಟರ್ ರಾಮದಾಸ ಕಾಸರಗೋಡಿನವನು. ಕೊಚ್ಚಿಗೆ ಬಂದ ಮೇಲೆ ಕನ್ನಡದಲ್ಲಿ ದೂರು ಕೇಳುತ್ತಿರುವುದು ಇದೇ ಮೊದಲು. ಪೆನ್ನು ಕೆಳಗಿಟ್ಟ.

"ಎಂತ ಕಾರಣ?"

"ಅಕ್ಕನಿಗೆ ಊರಿಗೆ ವರ್ಗ ಆಗಿತ್ತು. ಹೋಗಬೇಡ ಅಂತ ದಿನಾ ಜಗಳ. ಹಿಂದೆ ಕೂತವರು ಕಾಲಿಡುವ ಫುಟ್‌ರೆಸ್ಟ್ ಮುರಿದು ಬಿದ್ದಳಲ್ಲ, ಅದರಲ್ಲಿ ಗರಗಸದ ಗುರುತು ಉಂಟು."

ಕೊಲೆ ಯತ್ನವೆಂದು ಎಫ್‌ಐಆರ್ ಆಯಿತು. ಮಧ್ಯಾಹ್ನದೊಳಗೆ ರಾಮದಾಸ ಹೆಡ್ ಕಾನ್‌ಸ್ಟೆಬಲ್ ಜುಬೈದಾಳನ್ನು ಕರೆದುಕೊಂಡು ಜಯಣ್ಣನ ಬಾಡಿಗೆ ಮನೆಗೆ ಹೋಗಿ, ಅಕ್ಕಪಕ್ಕದ ಇಬ್ಬರನ್ನು ನಿಲ್ಲಿಸಿ ಪಂಚನಾಮೆ ಬರೆಸಿ ಬೈಕ್ ವಶಕ್ಕೆ ತೆಗೆದುಕೊಂಡ. ಸೀರೆ ಉಟ್ಟವರು ಒಂದೇ ಮಗ್ಗುಲಿಗೆ ಕೂತಾಗ ಕಾಲಿಡಲು ಎಡಗಡೆ ಜೋಡಿಸಿದ್ದ ಫುಟ್‌ರೆಸ್ಟು ಬುಡದಲ್ಲೇ ಹೋಗಿತ್ತು. ಉಳಿದ ಮೋಟಿನ ತುದಿಯಲ್ಲಿ ಗರಗಸ ಎಳೆದ ಗೆರೆಗಳು ಎದ್ದು ಕಾಣುತ್ತಿದ್ದವು.

ಜಯಣ್ಣ ತುಮಕೂರಿನ ಕಡೆಯವನು, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತ. ಗಡ್ಡ ಬೆಳೆದಿತ್ತು. ಆಸ್ಪತ್ರೆಯ ವಾಸನೆ ಅಂಗಿಗೇ ಹತ್ತಿಕೊಂಡಿತ್ತು.

"ಹೆಂಡತಿ ಜೊತೆ ಜಗಳ ಇತ್ತಾ?"

"ಇತ್ತು ಸಾರ್. ಜಗಳ ಆಡ್ದೋರೆಲ್ಲ ಕೊಲೆ ಮಾಡ್ತಾರಾ?"

"ಇದು ತಾನಾಗಿ ಮುರಿದಿರಬಹುದಾ?"

ಹೌದು ಅಂದುಬಿಟ್ಟಿದ್ದರೆ ಅವನಿಗೇ ಒಳ್ಳೆಯದಿತ್ತು. ಜಯಣ್ಣ ತಲೆಯಾಡಿಸಿದ.

"ಸಾಧ್ಯಾನೇ ಇಲ್ಲ. ಅದು ಅಂಗಡಿ ಮಾಲಲ್ಲ. ನಮ್ಮ ಕನ್ನಡಿಗರ ಕೂಟದಲ್ಲಿ ಪರಿಚಯ ಆದ ತಿರುವನಂತಪುರದ ವಸಂತಣ್ಣ ಕೈಯಾರೆ ಮಾಡಿಕೊಟ್ಟಿದ್ದು. ರಾಕೆಟ್ಟಿಗೆ ಭಾಗ ಮಾಡೋ ಎಂಜಿನಿಯರ್ ಅವರು. ಅವರ ಕೆಲಸ ಮುರಿಯಲ್ಲ ಸಾರ್."

ರಾಮದಾಸನಿಗೆ ಸಿಟ್ಟೇ ಬಂತು. ತನ್ನ ಕುತ್ತಿಗೆಗೆ ತಾನೇ ಹಗ್ಗ ಬಿಗಿದುಕೊಳ್ಳುವವನನ್ನು ಏನನ್ನಬೇಕು? ತೀರಾ ಸಾಧುವೋ, ತೀರಾ ಪಾಕಡಾವೋ. ಆದರೂ ಅವನನ್ನು ಒಳಗೆ ಹಾಕಲು ಮನಸ್ಸು ಒಪ್ಪಲಿಲ್ಲ. ಊರು ಬಿಟ್ಟು ಹೋಗಬೇಡ ಎಂದು ಆಸ್ಪತ್ರೆಗೇ ಕಳಿಸಿದ. "ಸೋಮವಾರ ಅರೆಸ್ಟ್ ಮಾಡದಿದ್ದರೆ ನಾನು ಎಸ್‌ಪಿ ಹತ್ತಿರ ಹೋಗ್ತೇನೆ," ಎಂದು ಸಂದೀಪ್ ಠಾಣೆಯ ಮೆಟ್ಟಿಲಲ್ಲೇ ನಿಂತು ಕೂಗಿದ.

ಶನಿವಾರ ಜುಬೈದಾ ಅಪಘಾತದ ಜಾಗಕ್ಕೆ ಹೋದಳು. ಮುರಿದು ಬಿದ್ದ ತುಂಡು ಎಲ್ಲೂ ಸಿಗಲಿಲ್ಲ. ರಸ್ತೆ ಬದಿಯ ಪೆಟ್ಟಿಗೆ ಅಂಗಡಿಯ ಪಂಕಜಾ ಬಿಸಿಲಲ್ಲಿ ಅವಳು ಚರಂಡಿ ಕೆದಕುವುದನ್ನು ನೋಡಿ ನೋಡಿ ಸಾಕಾಗಿ, ಮಗಳನ್ನು ಕರೆದಂತೆ ಕರೆದು ಕೇಳಿದಳು.

"ಎಂತ ಮೋಳೇ, ಚಿನ್ನ ಬಿತ್ತಾ?"

"ಚೇಚಿ, ಆ ಹೆಂಗಸು ಬಿದ್ದಳಲ್ಲ, ಆ ಬೈಕಿನ ತುಂಡು."

"ಅಯ್ಯೋ, ಅದು ಇಲ್ಲೇ ಇದೆ. ಪೇಪರ್ ಹಾರದ ಹಾಗೆ ಇಟ್ಟಿದ್ದೆ. ಅದಕ್ಕೆ ತೂಕವೇ ಇಲ್ಲ, ಅದರ ಮೇಲೊಂದು ಕಲ್ಲು ಇಡಬೇಕಾಯಿತು."

ಠಾಣೆಯಲ್ಲಿ ರಾಮದಾಸ ತುಂಡನ್ನು ಅಂಗೈಯಲ್ಲಿಟ್ಟು ನೋಡಿದ. ಅಲ್ಯುಮಿನಿಯಂ, ಸಾಲದ್ದಕ್ಕೆ ಉದ್ದಕ್ಕೂ ಚಂದದ ಸಾಲು ತೂತುಗಳು. ಮುರಿದದ್ದು ಬುಡದ ತೂತಿನ ಅಂಚಿನಲ್ಲಿ. ಅಲ್ಲಿ ಅರ್ಧ ಭಾಗ ಹಳೇ ಕೊಳೆ ಕೂತು ಕಪ್ಪಾಗಿತ್ತು, ಅರ್ಧ ಹೊಸದಾಗಿ ಹೊಳೆಯುತ್ತಿತ್ತು. ಗರಗಸದ ಗೆರೆ ಒಂದೂ ಇಲ್ಲ. ಬೈಕಿನ ಮೋಟಿಗೆ ಜೋಡಿಸಿ ಹಿಡಿದರೆ ನಡುವೆ ಸಂದು.

"ಸಾರೇ," ಎಂದಳು ಜುಬೈದಾ, "ಒಂದೇ ಕೋಲು. ಒಂದು ತುದಿಗೆ ಗರಗಸ ತಾಗಿದೆ, ಇನ್ನೊಂದಕ್ಕೆ ಇಲ್ಲ. ಹೇಗೆ?"

"ಬಿರುಕು ಬಿಟ್ಟು ತಾನಾಗಿ ಮುರಿದಿದೆ. ಗರಗಸ ಆಮೇಲೆ ಆಡಿಸಿದ್ದು. ಸಂದೀಪನನ್ನು ಕರಿ."

ಸಂದೀಪ್ ಬಂದ. ರಾಮದಾಸ ಒಂದೇ ಪ್ರಶ್ನೆ ಕೇಳಿದ: "ಗರಗಸದ ಗುರುತು ಮೊದಲು ನೋಡಿದ್ದು ಯಾರು?"

"ವಸಂತಣ್ಣ. ಬುಧವಾರವೇ ಅಕ್ಕನನ್ನು ನೋಡಲಿಕ್ಕೆ ಬಂದಿದ್ದರು. ಬಟ್ಟೆ ತರ್ತೇನೆ ಅಂತ ಮನೆ ಕೀ ತಗೊಂಡು ಹೋದರು. ಗುರುವಾರ ನನ್ನನ್ನು ಕರೆದು, ಯಾರೋ ಕೊಯ್ದಿದ್ದಾರೆ ನೋಡು ಅಂತ ತೋರಿಸಿದರು."

"ನಿಮ್ಮ ಭಾವನ ಹೆಸರು ಹೇಳಿದರಾ?"

"ಇಲ್ಲ. ಅದು ನಾನೇ ಎಣಿಸಿದ್ದು."

ಭಾನುವಾರ ಮುಂಜಾನೆಯ ರೈಲು ಹಿಡಿದು ಇಬ್ಬರೂ ತಿರುವನಂತಪುರಕ್ಕೆ ಹೋದರು. ವಸಂತ ತರಕಾರಿಗೆಂದು ಚಾಲೈ ಮಾರ್ಕೆಟ್ಟಿಗೆ ಹೋಗಿದ್ದ. ಅವನ ಹೆಂಡತಿ ಅನಸೂಯಾ ಕಾಫಿ ತಂದಿಟ್ಟಳು. ಅಂಗಳದಲ್ಲಿ ಅವರ ಬೈಕ್ ನಿಂತಿತ್ತು. ಎಡಗಡೆ ಎರಡು ಬೋಲ್ಟಿನ ತೂತು ಖಾಲಿ.

"ನಿಮಗೆ ಫುಟ್‌ರೆಸ್ಟ್ ಮಾಡಿಕೊಡಲಿಲ್ವಾ?"

"ಮೊದಲನೇದು ನಂಗೇ ಮಾಡಿದ್ದು. ಓಣಂಗೆ ಮುಂಚೆ ಬಿಚ್ಚಿಹಾಕಿದ್ರು. ತುಕ್ಕು ಹಿಡಿದಿದೆ ಅಂದ್ರು."

ಅಲ್ಯುಮಿನಿಯಂ ತುಕ್ಕು ಹಿಡಿಯುವುದನ್ನು ರಾಮದಾಸ ಎಲ್ಲೂ ಕಂಡಿರಲಿಲ್ಲ. ಕಾಫಿ ಹಾಗೇ ಆರಿತು.

ವಸಂತ ಚೀಲ ಹಿಡಿದು ಗೇಟಿನೊಳಗೆ ಕಾಲಿಟ್ಟವನು, ಜುಬೈದಾಳ ಕೈಯಲ್ಲಿದ್ದ ತುಂಡು ನೋಡಿ ಅಲ್ಲೇ ನಿಂತುಬಿಟ್ಟ. ಬಾಗಿಲಲ್ಲಿದ್ದ ಹೆಂಡತಿಯ ಕಡೆ ನೋಡಿದ. "ಒಳಗೆ ಹೋಗು," ಎಂದ. ಅವಳು ಹೋಗಲಿಲ್ಲ.

"ನಿಮ್ಮದರಲ್ಲಿ ಬಿರುಕು ಕಂಡಿತ್ತು. ಅಲ್ವಾ?" ರಾಮದಾಸ ಕೇಳಿದ.

"ಕೂದಲೆಳೆಯಷ್ಟು."

"ಇಷ್ಟು ತೂತು ಯಾಕೆ ಕೊರೆದಿರಿ?"

"ಅಭ್ಯಾಸ ಸಾರ್. ನಮ್ಮ ಕೆಲಸದಲ್ಲಿ ಒಂದೊಂದು ಗ್ರಾಮ್ ಉಳಿಸೋದೇ ಜಾಣತನ. ಅಲ್ಲಿಯದು ಒಂದು ಸಲ ಹಾರಿದರೆ ಮುಗೀತು. ಇದು ದಿನಾ ಗುಂಡಿಗೆ ಬಿದ್ದು ಏಳಬೇಕು ಅನ್ನೋದು ತಲೆಗೆ ಹೋಗಲೇ ಇಲ್ಲ."

"ಜಯಣ್ಣನಿಗೆ ಯಾಕೆ ಹೇಳಲಿಲ್ಲ?"

ವಸಂತ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

"ಆ ಮನುಷ್ಯ ನಿಮ್ಮ ಕೆಲಸ ಮುರಿಯಲ್ಲ ಅಂತ ಹೇಳಿ ಜೈಲಿಗೆ ಹೊರಟಿದ್ದ, ಗೊತ್ತುಂಟಾ?"

ವಸಂತ ತರಕಾರಿ ಚೀಲ ಕೆಳಗಿಟ್ಟು ಅದರ ಪಕ್ಕದಲ್ಲೇ ಕುಕ್ಕರಿಸಿದ. "ಯಾರೋ ಪುಂಡರ ಕೆಲಸ ಅಂದ್ಕೋತಾರೆ ಅಂತ ಮೋಟಿಗೆ ಗರಗಸ ಆಡಿಸಿದೆ. ಅವನ ಮೇಲೆ ಬರುತ್ತೆ ಅಂತ..."

ನಿರ್ಲಕ್ಷ್ಯದಿಂದ ತೀವ್ರ ಗಾಯ, ಸುಳ್ಳು ಸಾಕ್ಷ್ಯದ ಸೃಷ್ಟಿ ಎಂದು ಬರೆದು ಅವನನ್ನು ಬಂಧಿಸಿ ಹತ್ತಿರದ ಠಾಣೆಗೆ ಕರೆದೊಯ್ದರು. ಕೊಚ್ಚಿಯಿಂದ ಅಲ್ಲಿಗೇ ಫೋನ್ ಬಂತು. ಕುಸುಮಾವತಿ ಕಣ್ಣು ಬಿಟ್ಟು ನೀರು ಕೇಳಿದ್ದಳಂತೆ. ಕುಡಿಸಿದವನು ಜಯಣ್ಣ. ಸಂದೀಪ್ ಹೊರಗೆ ನಿಂತಿದ್ದನಂತೆ.

ವಸಂತ ಹೇಳಿಕೆ ಬರೆಸಿದ. ಹೋದ ಯುಗಾದಿಗೆ ಕೂಟದ ಕನ್ನಡಿಗರೆಲ್ಲ ಸೇರಿ ಅವನಿಗೆ ಶಾಲು ಹೊದಿಸಿದ್ದರು. ವಸಂತಣ್ಣ, ನಿಮ್ಮಿಂದ ಕಾಲಿಗೆ ಜಾಗ ಆಯ್ತು ಎಂದು ಹೆಂಗಸರು ನಕ್ಕಿದ್ದರು. ಕಚೇರಿಯಲ್ಲಿ ನೂರು ಜನರ ನಡುವೆ ಒಬ್ಬನಾಗಿದ್ದವನಿಗೆ ಅದೊಂದು ಹೆಸರು ಸಿಕ್ಕಿತ್ತು. ಅದೇ ಮನೆಗಳ ಬಾಗಿಲು ತಟ್ಟಿ, ನಾನು ಕೊಟ್ಟದ್ದು ಬಿಚ್ಚಿಹಾಕಿ ಎನ್ನಲು ನಾಲಿಗೆ ಏಳಲಿಲ್ಲ.

"ಇನ್ನೂ ಯಾರ ಬೈಕಲ್ಲಿ ಇದೆ?"

"ನಾಲ್ಕು ಮನೆ."

ರಾಮದಾಸ ಫೋನನ್ನು ಅವನ ಮುಂದಕ್ಕೆ ತಳ್ಳಿದ. "ನೀವೇ ಹೇಳಿ."

ಆ ಕಡೆಯಿಂದ ಮೊದಲ ಮನೆಯ ನಿರ್ಮಲ ಎಂಬಾಕೆಯ ದನಿ ಜುಬೈದಾಳಿಗೂ ಕೇಳಿಸುವಷ್ಟು ದೊಡ್ಡದಾಗಿತ್ತು. "ಯಾಕೆ ವಸಂತಣ್ಣ? ಗಟ್ಟಿಮುಟ್ಟಾಗೇ ಇದೆಯಲ್ಲ!"

ವಸಂತ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇಲ್ಲಮ್ಮ. ನಾನು ಮಾಡಿದ್ದು ಸರಿಯಿಲ್ಲ. ಇವತ್ತು ಅದರ ಮೇಲೆ ಕಾಲಿಡಬೇಡಿ."