ಜೀಪಿಲ್ಲದ ಸರ್ವೆ

"ಮೇಡಂ, ಈ ಉತ್ತರಗಳೆಲ್ಲ ಸುಳ್ಳು."

ಅಮರೇಶ ವಚನಾಳ ಸರ್ವೆ ವರದಿಯನ್ನು ಮೇಜಿನ ಮೇಲಿಟ್ಟ. ತರಬೇತಿಗೆ ನೇಪಾಳದಿಂದ ಬಂದಿದ್ದ ಅಧಿಕಾರಿಗೆ ಕನ್ನಡ ಬಾರದು. ಆದರೂ ವಚನಾಳ ಮುಖ ನೋಡಿ ಏನೋ ಎಡವಟ್ಟಾಗಿದೆ ಎಂದು ಅವನಿಗೂ ತಿಳಿಯಿತು.

ನಾಗರಬಾವಿಯ ಆ ಸಂಸ್ಥೆಯಲ್ಲಿ ಸರ್ಕಾರಿ ಅಧಿಕಾರಿಗಳಿಗೆ ವ್ಯಾಪಾರ ನೀತಿಯ ಸಂಶೋಧನೆ ಮಾಡುವುದನ್ನು ಕಲಿಸುತ್ತಿದ್ದರು. ಕಲಿಸುವವನು ಅಮರೇಶ. ಹಿಂದೆ ಇಲ್ಲೇ ವಚನಾಳ ಜೊತೆ ಎಂ.ಎ. ಓದಿದವನು. ಅವಳಿಗೆ ಕೈಗಾರಿಕಾ ಇಲಾಖೆಯಲ್ಲಿ ಕೆಲಸ ಸಿಕ್ಕ ಮೇಲೆ ಫೋನ್ ಎತ್ತುವುದನ್ನೇ ನಿಲ್ಲಿಸಿದವನು!

'ಕೆಲಸದ ಪರೀಕ್ಷೆ ನಾನು ಪಾಸಾದೆ, ಅವನು ಆಗಲಿಲ್ಲ. ಆ ಹೊಟ್ಟೆಕಿಚ್ಚು ಇನ್ನೂ ಹೋಗಿಲ್ವಾ...'

ವಿದೇಶಿ ಬೋಲ್ಟುಗಳ ಆಮದು ಸುಂಕ ಇಳಿಸಿದರೆ ಲಗ್ಗೆರೆಯ ಸಣ್ಣ ವರ್ಕ್‌ಶಾಪ್‌ಗಳಿಗೆ ತೊಂದರೆಯಿಲ್ಲ ಎಂದು ಅವಳ ವರದಿ ಹೇಳುತ್ತಿತ್ತು. ಶುಕ್ರವಾರ ಅದು ಇಲಾಖೆಗೆ ಹೋಗಬೇಕು. ಅದನ್ನೇ ನಂಬಿ ಇಲಾಖೆ ದೆಹಲಿಗೆ ಬರೆಯುತ್ತದೆ.

ಊಟದ ಹೊತ್ತಿಗೆ ಅವನನ್ನು ಕಾರಿಡಾರ್‌ನಲ್ಲಿ ತಡೆದಳು.

"ಕೂತಲ್ಲೇ ಬರೆದಿಲ್ಲ ಸಾರ್. ಪ್ರತಿ ಶೆಡ್‌ಗೂ ನಾನೇ ಹೋಗಿದ್ದೆ!"

"ಹೇಗೆ ಹೋಗಿದ್ರಿ?"

"ಇಲಾಖೆ ಜೀಪಲ್ಲಿ."

"ಅದಕ್ಕೇ."

"ಹೊಟ್ಟೆಕಿಚ್ಚು ಅಂತ ನೇರವಾಗಿ ಹೇಳಿ."

ಅವನು ನಕ್ಕ. "ನಾಳೆ ಬಸ್ಸಲ್ಲಿ ಬರ್ತೀರಾ?"

ಬಸ್ಸಿನಲ್ಲಿ ಅವಳಿಗೆ ಹಳೆಯದೆಲ್ಲ ನೆನಪಾಯಿತು. ಎಂ.ಎ. ಸರ್ವೆಗೂ ಹೀಗೇ ಲಗ್ಗೆರೆಗೆ ಬರುತ್ತಿದ್ದರು. ಇಬ್ಬರಿಗೂ ಸೇರಿ ಒಂದು ಬಿಸ್ಕೆಟ್ ಪ್ಯಾಕೆಟ್. ಒಬ್ಬ ಅಜ್ಜಿ "ಜೋಡಿ ಚೆನ್ನಾಗೈತೆ" ಎಂದಾಗ ಅಮರೇಶ ಮುಂದಿನ ಪ್ರಶ್ನೆಯನ್ನೇ ಮರೆತಿದ್ದ. ದಿನಾ ಬೆಳಿಗ್ಗೆ ಅವನು ತನ್ನ ಕೊಪ್ಪಳದ ಮಾತಿನಲ್ಲಿ "ಆರಾಮ ಅದೀಯಾ?" ಎನ್ನುತ್ತಿದ್ದ. ಮೊದಮೊದಲು ನಗುತ್ತಿದ್ದ ಅವಳು ಆಮೇಲೆ ತಾನೂ ಹಾಗೆಯೇ ಕೇಳತೊಡಗಿದ್ದಳು...

ವರ್ಕ್‌ಶಾಪ್ ಮಾಲೀಕ ಮುನಿರಾಮಯ್ಯ ಅವಳ ಗುರುತು ಹಿಡಿದ.

"ಅವತ್ತು ಬಂದಿದ್ದ ಮೇಡಂ ಅಲ್ವಾ? ಜೀಪೆಲ್ಲಿ?"

"ಬಸ್ಸಲ್ಲಿ ಬಂದ್ವಿ."

ಆತ ರಸ್ತೆಗೆ ಇಣುಕಿ ಖಾತ್ರಿ ಮಾಡಿಕೊಂಡ. "ಹಂಗಾದ್ರೆ ಕೂತ್ಕಳಿ."

"ಕೆಲಸ ಹೇಗಿದೆ?"

"ಎಲ್ಲಿ ಕೆಲಸ ಮೇಡಂ? ನಾವು ತರೋ ಕಬ್ಬಿಣದ ರೇಟಿಗೇ ಹೊರಗಿನ ಬೋಲ್ಟು ಸಿಗುತ್ತೆ. ಅರ್ಧ ಮಷಿನ್ ನಿಲ್ಸಿದ್ದೀನಿ."

"ಅವತ್ತು ಎಲ್ಲಾ ಚೆನ್ನಾಗಿದೆ ಅಂದ್ರಿ!"

"ಕಷ್ಟ ಅಂದ್ರೆ ಸರ್ಕಾರದ ಶೆಡ್ ಖಾಲಿ ಮಾಡು ಅಂತೀರಿ ಅಂದ್ಕಂಡೆ. ಜೀಪ್ ಕಂಡ್ರೆ ಬಾಯಿಗೆ 'ಚೆನ್ನಾಗಿದೆ' ಬಿಟ್ರೆ ಬೇರೇನೂ ಬರಲ್ಲ!"

ವಾಪಸ್ ಬಸ್ ಸ್ಟಾಪಿಗೆ ಬಂದು ನಿಂತರು. ಅವಳು ಬ್ಯಾಗಿನಿಂದ ವರದಿ ತೆಗೆದು ಮೊದಲ ಪುಟಕ್ಕೆ ಅಡ್ಡಗೆರೆ ಎಳೆದಳು.

"ಶುಕ್ರವಾರಕ್ಕೆ ಆಗಲ್ಲ ಅಂತ ಡೈರೆಕ್ಟರ್‌ಗೆ ಹೇಳ್ತೀನಿ. ಬೈಸ್ಕೋತೀನಿ. ಎಲ್ಲಾ ಶೆಡ್‌ಗೂ ಮತ್ತೆ ಹೋಗ್ಬೇಕು." ಅವನ ಕಡೆ ನೋಡದೆ ಕೇಳಿದಳು, "ನನ್ನ ಯಾಕೆ ಬಿಟ್ಟೆ ಅಮರೇಶ್?"

ಅವನ ಬಾಯಲ್ಲಿ ಹಳೆಯ ಮಾತು ತಾನಾಗಿ ಬಂತು.

"ಕೆಲಸಕ್ಕ ಸೇರಿದ ಮ್ಯಾಲೆ ನನ್ನ ರೂಮಿಗೆ ಬಂದಿದ್ದಿ. ಜೀಪಿನಾಗ. ನೆನಪೈತೇನು? ಡ್ರೈವರ್ ಮುಂದ 'ಹೇಗಿದ್ದೀರಿ?' ಅಂದಿ. ಪರೀಕ್ಷೆ ಹೋಗಿತ್ತು, ಮೈಯಾಗ ಜ್ವರ ಇತ್ತು, ನೀ ಇಲ್ದ ಸಾಕಾಗಿತ್ತು. ನಾ ಏನಂದೆ?"

"ಚೆನ್ನಾಗಿದ್ದೀನಿ ಅಂದೆ..."

"ಮುನಿರಾಮಯ್ಯನೂ ಅದನ್ನೇ ಅಂದಿದ್ದ."

ಅವಳ ಕಣ್ಣು ತುಂಬಿತು. ಅವನ ಉತ್ತರವನ್ನೂ ಹಾಗೆಯೇ ನಂಬಿ, ಜೀಪು ಹತ್ತಿ ಹೊರಟಿದ್ದಳು!

"ಫೋನ್ ಆದ್ರೂ ಎತ್ತಬಹುದಿತ್ತು..."

"ಎತ್ತಿದ್ರ ಮತ್ತ ಸುಳ್ಳು ಹೇಳಬೇಕಿತ್ತು. ತಪ್ಪು ನಂದೂ ಐತಿ."

ನಾಗರಬಾವಿಯ ಬಸ್ ಬಂತು. ಇಬ್ಬರೂ ಹತ್ತಲಿಲ್ಲ. ಕಂಡಕ್ಟರ್ ಬೈದುಕೊಂಡು ರೈಟ್ ಹೇಳಿದ.

ವಚನಾ ಅವನ ಕಡೆ ತಿರುಗಿದಳು. ಸುತ್ತ ಜೀಪಿಲ್ಲ, ಡ್ರೈವರ್ ಇಲ್ಲ.

"ಆರಾಮ ಅದೀಯಾ?"

"ಇಲ್ಲ ವಚನಾ... ಒಂದು ದಿನಾನೂ ಇರಲಿಲ್ಲ."

"ನಾನೂ ಇರಲಿಲ್ಲ ಕಣೋ," ಎಂದು ಅವಳು ಅವನ ಕೈ ಹಿಡಿದಳು.