ಅಕ್ಕ ತೋಡಿದ ಗೀರು

“ಬೇರೆಯವರು ತೋಡಿದ ಗೀರಿಗೆ ನೀನು ಬೆಳ್ಳಿ ತುಂಬಬೇಡಮ್ಮ. ಆ ಬಳೆ ಮುಟ್ಟಲೇಬೇಡ,” ಎಂದಳು ಪಾಲಿಶ್ ಮಾಡುವ ಮುದುಕಿ, ಬಾಗಿಲ ಕಡೆ ಕಣ್ಣಿಟ್ಟುಕೊಂಡೇ.

ತಂಗಿ ಪಕ್ಕನೆ ನಕ್ಕಳು. “ಯಾಕಜ್ಜಿ, ಬಳೆ ಕಚ್ಚುತ್ತಾ?”

ಮುದುಕಿ ನಗಲಿಲ್ಲ. ಕೆಲಸ ಅರ್ಧಕ್ಕೇ ಬಿಟ್ಟು ಎದ್ದು ಹೋದಳು.

ಅಕ್ಕನ ಅಂಗಡಿಗೆ ತಂಗಿ ಬಂದು ಮೂರೇ ದಿನ. ಒಂದು ಲೋಹದೊಳಗೆ ಇನ್ನೊಂದನ್ನು ಕೂರಿಸುವ ಕೆಲಸದಲ್ಲಿ ಪಳಗಿದ ಕೈ. ಮಾಟ, ಮಂತ್ರ ಎಂದರೆ ಮೂಗು ಮುರಿಯುವ ಸ್ವಭಾವ. “ಎಡಗೈಗೆ ಆಸಿಡ್ ಬಿದ್ದಿದೆ ಕಣೇ, ತಂತಿ ಹಿಡಿಯೋಕಾಗಲ್ಲ. ಒಂದು ಬಳೆ ಮುಗಿಸಿಕೊಡು ಬಾ” ಎಂದು ಅಕ್ಕ ಕರೆದಾಗ ಎದ್ದುಬಿದ್ದು ಬಂದಿದ್ದಳು. ತಾಯಿ ಹೋದ ಮೇಲೆ ತಲೆ ಬಾಚಿ, ಕೈಗೆ ಸುತ್ತಿಗೆ ಕೊಟ್ಟು ಬೆಳೆಸಿದವಳು ಅಕ್ಕನೇ ಅಲ್ಲವೇ?

ಮಧ್ಯಾಹ್ನ. ಆದರೂ ನೆಲಮಾಳಿಗೆಯ ಕೋಣೆಗೆ ಬೆಳಕು ಇಳಿದಿರಲಿಲ್ಲ. ಪಕ್ಕದಲ್ಲೇ ಕುಲುಮೆಯ ಕೆಂಡ. ಕಾದ ಅರಗಿನ ಘಾಟು, ಅದರಡಿಯಲ್ಲಿ ಏನೋ ಕೊಳೆತ ಸಿಹಿ ವಾಸನೆ. ಮರದ ದಿಮ್ಮಿಯ ಮೇಲೆ ಅರಗಿನಲ್ಲಿ ನೆಟ್ಟ ಉಕ್ಕಿನ ಬಳೆ. ಅಕ್ಕ ತೋಡಿಟ್ಟ ಗೀರುಗಳ ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗಿಳಿದ ಬೆಳ್ಳಿ ಮತ್ತೆ ಹೊರಗೆ ಬರಬಾರದು.

“ಇದೆಂಥ ಡಿಸೈನಕ್ಕಾ? ಬಳ್ಳೀನೂ ಅಲ್ಲ, ಹೂವೂ ಅಲ್ಲ.”

“ಗಿರಾಕಿ ಕೊಟ್ಟಿದ್ದು. ನೀನು ಹೊಡಿ,” ಎಂದು ಅಕ್ಕ ಬೆನ್ನ ಹಿಂದೆ ನಿಂತಳು.

ಟಿಕ್. ಟಿಕ್. ಮೆದುವಾದ ಬೆಳ್ಳಿ ತಂತಿ ಉಕ್ಕಿನೊಳಗೆ ಬೆಣ್ಣೆಯಂತೆ ಇಳಿಯಿತು. ಎಡಗೈ ಜೋಮು ಹಿಡಿಯಿತು. ಬಗ್ಗಿ ಕೂತದ್ದಕ್ಕಿರಬೇಕು ಎಂದುಕೊಂಡಳು. ಸುತ್ತಿಗೆ ಜಾರಿ ಹೆಬ್ಬೆರಳ ಮೇಲೆ ಬಿತ್ತು. ನೋವಾಗಲಿಲ್ಲ. ಉಗುರು ಸೀಳಿತ್ತು. ರಕ್ತ ಬರಲಿಲ್ಲ. ಸೀಳಿನೊಳಗೆ ಮಾಂಸ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಆಗ ಗೀರುಗಳನ್ನು ಸರಿಯಾಗಿ ನೋಡಿದಳು. ಹೆಬ್ಬೆರಳ ಬುಡವನ್ನು ಬಳಸಿದ ಗೆರೆ. ನಡುವೆ ಕವಲೊಡೆದ ಗೆರೆ. ಅವಳದೇ ಅಂಗೈ. ಬಂದ ದಿನವೇ ಅಕ್ಕ ‘ನಿನಗೂ ಒಂದು ಬಳೆ ಮಾಡ್ತೀನಿ’ ಎಂದು ಮೇಣದ ಮೇಲೆ ಅವಳ ಕೈ ಒತ್ತಿಸಿಕೊಂಡಿದ್ದಳು.

ಹಿಂದೆ ಬಟ್ಟೆ ಬಿಚ್ಚುವ ಸದ್ದು. ತಿರುಗಿದಳು. ಅಕ್ಕ ಎಡಗೈಯ ಪಟ್ಟಿ ಕಳಚುತ್ತಿದ್ದಳು. ಕಪ್ಪಾಗಿದ್ದ ಬೆರಳುಗಳು ಕೆಂಪೇರುತ್ತಿದ್ದವು. ಒಂದೊಂದನ್ನೇ ಮಡಿಸಿ, ಬಿಡಿಸಿ, ಅಳುತ್ತ ನಗುತ್ತಿದ್ದಳು.

“ಅಕ್ಕಾ, ಏನಿದು?”

“ಕೆಲಸ ಕಲಿಸಿದ ಗುರುಗಳ ಡಿಸೈನ್ ಕದ್ದೆ ಅಂತ ಅವರು ನನ್ನ ಕೈಗೆ ಮಾಡಿಸಿದ ಮಾಟ. ಗೀರು ತುಂಬಿದವರ ಕೈಗೆ ದಾಟುತ್ತೆ. ಒಂದಂಗುಲ ಗೀರು ಉಳಿದಿದೆ ಅಷ್ಟೇ. ಹೊಡಿ.”

ಬಲಗೈ ಹೊಡೆಯಿತು. ಅವಳು ಹೊಡೆಯಲಿಲ್ಲ, ಕೈ ಹೊಡೆಯಿತು. ಟಿಕ್. ಬಿಡಲು ನೋಡಿದಳು. ಬೆರಳು ಬಿಡಲಿಲ್ಲ. ಟಿಕ್. ಕೂಗಿದಳು. ಅಕ್ಕ ಅವಳ ಎರಡೂ ಭುಜ ಅದುಮಿ ಹಿಡಿದಳು. ಟಿಕ್. ಎಡಗೈ ಮೊಣಕೈವರೆಗೆ ತಣ್ಣಗಾಯಿತು. ಇನ್ನು ಅರ್ಧ ಅಂಗುಲ. ಕಾಲು ತನ್ನ ಮಾತು ಕೇಳುತ್ತಿತ್ತು. ಕಾಲೊಂದೇ.

ಒದ್ದಳು.

ತಂತಿ ಕಡಿಯಿತು. ದಿಮ್ಮಿ ಉರುಳಿ ಕುಲುಮೆಯ ಕೆಂಡಕ್ಕೆ ಬಿತ್ತು. ಅರಗು ಭುಗಿಲೆಂದಿತು. ಉಕ್ಕು ಕೆಂಪಾಯಿತು, ಬೆಳ್ಳಿ ಕರಗಿ ಗೀರುಗಳಿಂದ ತೊಟ್ಟಿಕ್ಕಿತು. ಸುಟ್ಟ ಚರ್ಮದ ವಾಸನೆ. ಅಕ್ಕನ ಚೀತ್ಕಾರ. ತಂಗಿ ಮೆಟ್ಟಿಲ ಮೇಲೆ ತೆವಳಿದಳು.

ಬೀದಿಯ ಬಿಸಿಲಿನಲ್ಲಿ ಮೊಣಕೈಯಿಂದ ಕೆಳಕ್ಕೆ ಬಿಸಿ ಹರಿಯಿತು. ಮೂರು ಬೆರಳುಗಳಿಗೆ ಜೀವ ಬಂತು. ಹೆಬ್ಬೆರಳು, ತೋರುಬೆರಳು ಬೂದಿಯಾಗಿಯೇ ಉಳಿದವು. ತಂತಿ ಹಿಡಿಯಬೇಕಾದ ಬೆರಳುಗಳೇ ಅವು.

ಅಕ್ಕ ಬಾಗಿಲಿಗೆ ಬಂದಳು. ಎಡಗೈ ಮೊಣಕೈವರೆಗೂ ಇದ್ದಿಲಾಗಿತ್ತು. “ಒಡಹುಟ್ಟಿದವರು, ಇಲ್ಲಾ ಹೊಟ್ಟೇಲಿ ಹುಟ್ಟಿದವರೇ ತುಂಬಬೇಕಂತೆ,” ಎಂದಳು ಮೆಲ್ಲಗೆ. “ಮಗಳನ್ನ ಕೂರಿಸೋಕೆ ಮನಸ್ಸು ಬರಲಿಲ್ಲ ಕಣೇ.”

“ನನ್ನನ್ನ ಕೂರಿಸೋಕೆ ಬಂತಾ?”

ಅಕ್ಕ ಬಲಗೈಯಿಂದ ಬಾಗಿಲು ಎಳೆದುಕೊಂಡಳು.