ಮುಖವಾಡ ತೆಗೆಯದ ಗಗನಪಾಲ

ಮಾರ್ಚ್ 11, ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಸಿನಿಮಾ ಹಂಚಿಕೆದಾರ ಅನೀಲಕುಮಾರ ಬೀದರ ನಗರದ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಹೈದರಾಬಾದಿನ ಕಂಪನಿಯೊಂದು ತೆಗೆದ ‘ಗಗನಪಾಲ’ ಚಿತ್ರಕ್ಕೆ ಈ ಜಿಲ್ಲೆಯ ಪ್ರತಿನಿಧಿ ಅವರು. ಮುಖವಾಡ ತೊಟ್ಟು ಆಕಾಶದಲ್ಲಿ ಹಾರಿ ಊರು ಕಾಯುವ ವೀರನ ಕತೆ ಅದು. ಯಾರೋ ಆ ಚಿತ್ರವನ್ನು ಕತ್ತರಿಸಿ, ಬೇರೆ ರೀತಿ ಜೋಡಿಸಿ ಅಂತರ್ಜಾಲಕ್ಕೆ ಬಿಟ್ಟಿದ್ದರು. ಲಕ್ಷಗಟ್ಟಲೆ ಜನ ನೋಡಿಯಾಗಿತ್ತು.

“ಕಳವಾದದ್ದು ಒಂದು ಮಾತು ಬಿಡ್ರಿ,” ಎಂದರು ಅನೀಲಕುಮಾರ. “ಹೀರೋನ ಮುಖಾನೇ ತೆಗದು ಹಾಕ್ಯಾರ್ರಿ. ಒಂದು ಕಡೆನೂ ಇಟ್ಟಿಲ್ಲ. ಕಂಪನಿಯವರು ಬೆಂಕಿ ಆಗ್ಯಾರ.”

ಇನ್‌ಸ್ಪೆಕ್ಟರ್ ಕುತುಬೋದ್ದೀನ ಹಕ್ಕುಸ್ವಾಮ್ಯ ಕಾಯ್ದೆಯಡಿ ಎಫ್‌ಐಆರ್ ದಾಖಲಿಸಿದರು. ವಿಡಿಯೋ ಹಾಕಿದ ಖಾತೆ ಚೌಬಾರಾ ಗೋಪುರದ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟ ಸೊಹೇಲನದೆಂದು ಮಧ್ಯಾಹ್ನದೊಳಗೆ ತಿಳಿಯಿತು. ಅವನನ್ನು ಠಾಣೆಗೆ ಕರೆತಂದರು.

“ಯಾರು ಮಾಡಿದ್ದು?”

“ನಾನೇ, ಸಾಬ್.”

“ಹೀರೋನ ಮುಖ ಯಾಕ ತೆಗದಿ?”

“ಹಂಗೇ, ಮಜಾಕ್.”

“ಹ್ಯಾಂಗ ಕತ್ತರಿಸ್ದಿ? ನಿನ್ನ ಕಂಪ್ಯೂಟರಿನ್ಯಾಗ ತೋರ್ಸು.”

ಅವನು ತೋರಿಸಲಿಲ್ಲ. ಜಪ್ತಿ ಮಾಡಿದ ಕಂಪ್ಯೂಟರಿನಲ್ಲಿ ಸಿದ್ಧವಾದ ವಿಡಿಯೋ ಮಾತ್ರ ಇತ್ತು. ಕತ್ತರಿಸಿದ ತುಣುಕುಗಳ ಸುಳಿವೂ ಇರಲಿಲ್ಲ.

“ಸುಳ್ಳು ಒಪ್ಕೊಂಡ್ರ ಜೇಲಿಗೆ ನೀ ಹೋಗ್ತಿ.”

“ಹೋಗ್ತೇನಿ, ಸಾಬ್.”

ಹೊರಗೆ ಬೆಂಚಿನ ಮೇಲೆ ಅವನ ಹೆಂಡತಿ ಬುತ್ತಿ ಹಿಡಿದು ಕೂತಿದ್ದಳು. ಕುತುಬೋದ್ದೀನ ಆಕೆಯನ್ನು ಒಳಗೆ ಕರೆದು ಅವನಿಗೆ ಊಟ ಮಾಡಿಸಲು ಹೇಳಿದರು. ಆಮೇಲೆ ಕಾನ್‌ಸ್ಟೇಬಲ್ ಮೀರಾಬಾಯಿಯ ಜೊತೆ ಕೂತು ಆ ವಿಡಿಯೋವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರು.

ಮೂಲ ಚಿತ್ರದಲ್ಲಿ ನಾಯಕ ಮಾತುಮಾತಿಗೆ ಮುಖವಾಡ ತೆಗೆಯುತ್ತಿದ್ದ. ಇದರಲ್ಲಿ ತೆಗೆಯುವುದೇ ಇಲ್ಲ. ಓಡುತ್ತಾನೆ, ಜಿಗಿಯುತ್ತಾನೆ, ಏಟು ತಿಂದು ಗೋಡೆಗೆ ಒರಗಿ ದಣಿವಾರಿಸಿಕೊಳ್ಳುತ್ತಾನೆ. ಮಾತು ಬಹಳ ಕಡಿಮೆ. ವಿಚಿತ್ರವೆಂದರೆ, ಕತೆ ಎಲ್ಲೂ ಹರಿದಿರಲಿಲ್ಲ.

“ಹೀರೋನ ಮ್ಯಾಲೆ ಸಿಟ್ಟಿದ್ದವರು ಮಾಡಿದ್ದಲ್ರಿ ಸರ್ ಇದು,” ಎಂದಳು ಮೀರಾಬಾಯಿ. “ಸಿಟ್ಟಿನ ಕೆಲಸದಾಗ ಇಷ್ಟು ಜತನ ಇರಂಗಿಲ್ಲ. ಆ ಮುಖವಾಡದೊಳಗ ಇರೋ ಮನಷ್ಯಾ ಯಾರ್ರಿ?”

ಕುತುಬೋದ್ದೀನ ಅದೇ ಪ್ರಶ್ನೆಯನ್ನು ಅನೀಲಕುಮಾರರಿಗೆ ಫೋನಿನಲ್ಲಿ ಕೇಳಿದರು.

“ಹೀರೋನ ಬದಲಿ ಹಾರೋ ಯಾರೋ ಡೂಪ್ ಇರ್ತಾರ್ರಿ. ಅವರ ಹೆಸರು ಯಾರಿಗಿ ಗೊತ್ತು?”

ಕಂಪನಿಯವರಿಗೂ ಗೊತ್ತಿರಲಿಲ್ಲ. ಆದರೆ ಸಾಹಸ ನಿರ್ದೇಶಕ ಮಕ್ಸೂದರ ನಂಬರು ಕೊಟ್ಟರು. ಸಂಜೆ ಮಕ್ಸೂದ ಫೋನೆತ್ತಿದರು.

“ಮುಖವಾಡದಲ್ಲಿ ಇರೋನು ಹೆಚ್ಚುಕಡಿಮೆ ಎಲ್ಲ ಕಡೆ ಮಾಣಿಕನೇ. ನಿಮ್ಮ ಕಡೆಯ ಹುಡುಗ, ಔರಾದ ತಾಲೂಕಿನ ಠಾಣಾ ಕುಶನೂರಿನವ. ಹೋದ ವರ್ಷ ಶೂಟಿಂಗಿನಲ್ಲಿ ತಂತಿ ಕಡಿದು ಬಿದ್ದ. ಆಸ್ಪತ್ರೆಯಲ್ಲಿ ತೀರಿಕೊಂಡ.”

ಮರುದಿನ ಬೆಳಿಗ್ಗೆ ಕುತುಬೋದ್ದೀನ, ಮೀರಾಬಾಯಿ ಇಬ್ಬರೂ ಕುಶನೂರಿಗೆ ಹೋದರು. ಮಾಣಿಕನ ತಾಯಿ ಶಾಲುಬಾಯಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಪೊಲೀಸರನ್ನು ಕಂಡು ಮೊರ ಕೆಳಗಿಟ್ಟಳು.

“ಮಗನ ಸಿನೆಮಾ ನೋಡೀರೇನವ್ವ?” ಮೀರಾಬಾಯಿ ಕೇಳಿದಳು.

“ಬೀದರಕ್ಕ ಹೋಗಿ ನೋಡ್ದೆ. ಓಡೋದು ನನ್ನ ಮಗನೇ, ಆ ಭುಜ ನಂಗ ತಿಳೀತದ. ಈಗ ಮುಖ ಕಾಣ್ತದಂತ ನೋಡ್ತಿದ್ದೆ. ಮುಖವಾಡ ತೆಗದ್ರ ಒಳಗ ಬ್ಯಾರೆ ಯಾರೋ. ಘಳಿಗಿ ಘಳಿಗಿಗಿ ಹಂಗೇ ಆಯ್ತು. ಪ್ರತಿ ಸಲಾನೂ ಅಂವ ಹೊಳ್ಳಿ ಸತ್ತಂಗ ಆತ್ರಿ. ಎದ್ದು ಬಂದೆ.”

“ಸಿನೆಮಾಕ್ಕ ನಿಮ್ಮ ಸಂಗಟ ಯಾರಿದ್ರು?”

“ಮಗಳು ಮಹಾಮಾಯಾ. ಭಾಲ್ಕಿಯೊಳಗ ಮದವಿ ವಿಡಿಯೋ ಜೋಡಸೋ ಕೆಲಸ ಮಾಡ್ತಾಳ.” ಹೇಳಿದ ಮೇಲೆ ಶಾಲುಬಾಯಿ ಇಬ್ಬರ ಮುಖವನ್ನೂ ನೋಡಿದಳು. “ಯಾಕ್ರಿ?”

ಮೀರಾಬಾಯಿ ಆಕೆಯ ಕೈ ಹಿಡಿದಳು.

ಭಾಲ್ಕಿಯ ಆ ಸ್ಟುಡಿಯೋ ಫೋಟೋ ಅಂಗಡಿಯೊಂದರ ಮಾಳಿಗೆಯಲ್ಲಿತ್ತು. ಮಹಾಮಾಯಾ ಅವರನ್ನು ಕಂಡು ಎದ್ದು ನಿಂತಳು.

“ನಾನೇ ಮಾಡೀನ್ರಿ. ಸೊಹೇಲಭಾಯಿನ ಬಿಡ್ರಿ. ಅವರು ಅಣ್ಣನ ದೋಸ್ತ, ನಾ ಕೇಳ್ದೆ ಅಂತ ಹಾಕಿದ್ರು.”

“ಅವ್ವಗ ತೋರ್ಸಾಕ ಮಾಡಿದ್ರ ಮನ್ಯಾಗ ತೋರ್ಸಬೇಕಿತ್ತು. ಊರಿಗೆಲ್ಲ ಯಾಕ?” ಕುತುಬೋದ್ದೀನ ಕೇಳಿದರು.

“ಕಂಪನಿಗಿ ಹೋಗಿದ್ದೆ ಸರ್. ರೊಕ್ಕ ಕೇಳಾಕಲ್ಲ. ಕಡೀಕ ಹೆಸರು ಬರ್ತಾವಲ್ಲ, ಅದರಾಗ ಅಣ್ಣನ ಹೆಸರು ಹಾಕ್ರಿ ಅಂದೆ. ಆ ಹೆಸರಿನವ ನಮ್ಮ ಸಿನೆಮಾದಾಗ ಇರಲೇ ಇಲ್ಲ ಅಂದ್ರು.” ಅವಳ ದನಿ ಏರಲಿಲ್ಲ. “ಅವರು ಇಲ್ಲ ಅಂದವ ಇದ್ದದ್ದಷ್ಟೂ ಆರಿಸಿ ತೋರಿಸ್ದೆ.”

ಪಂಚರ ಎದುರು ಕಂಪ್ಯೂಟರ್ ಜಪ್ತಿಯಾಯಿತು. ಪಂಚನಾಮೆ ಮುಗಿದ ಮೇಲೆ ಕುತುಬೋದ್ದೀನ ಕುರ್ಚಿ ಎಳೆದು ಅವಳೆದುರು ಕೂತರು.

“ನೋಡಮ್ಮ, ಈ ಕೇಸಿನ್ಯಾಗ ನೋಟಿಸ್ ಕೊಟ್ಟು ಮನಿಗಿ ಕಳಿಸಬಹುದು. ಮತ್ತ ಹಾಕಂಗಿಲ್ಲ ಅಂತ ಒಂದು ಮಾತು ಕೊಡು. ಸಾಕು.”

“ಅದು ಸುಳ್ಳಾಗ್ತದ್ರಿ.”

“ಅಂದ್ರ?”

“ನೀವು ತೆಗಿಸಿದ್ರ ಮತ್ತ ಹಾಕ್ತೇನಿ.”

ಅವರು ಮತ್ತೊಮ್ಮೆ ಕೇಳಿದರು. ಉತ್ತರ ಬದಲಾಗಲಿಲ್ಲ. ಅಪರಾಧ ಪುನಃ ನಡೆಯುವ ಸಂಭವವಿದೆ ಎಂದು ಕಾರಣ ಬರೆದು, ಮಧ್ಯಾಹ್ನ ಎರಡಕ್ಕೆ ಮೀರಾಬಾಯಿಯ ಮೂಲಕ ಅವಳನ್ನು ಬಂಧಿಸಿದರು. ಸೊಹೇಲನಿಗೆ ನೋಟಿಸ್ ಕೊಟ್ಟು ಮನೆಗೆ ಕಳಿಸಿದರು.

ಠಾಣೆಯಲ್ಲಿ ನ್ಯಾಯಾಲಯಕ್ಕೆ ಹೋಗಬೇಕಾದ ಕಾಗದಗಳು ಸಿದ್ಧವಾದವು. ಕೃತ್ಯದ ಉದ್ದೇಶವೆಂಬಲ್ಲಿ ಕುತುಬೋದ್ದೀನ ‘ಲಾಭಕ್ಕಾಗಿ ಅಲ್ಲ’ ಎಂದು ಬರೆದು, ಫೋನಿನಲ್ಲಿ ಕೇಳಿ ಬರೆದುಕೊಂಡ ಮಕ್ಸೂದರ ಹೇಳಿಕೆಯನ್ನೂ ಲಗತ್ತಿಸಿದರು. ಅದರ ಒಂದು ಪುಟ ಮೇಜಿನ ಮೇಲಿತ್ತು. ಮಹಾಮಾಯಾ ಅದನ್ನು ತಲೆಕೆಳಗಾಗಿಯೇ ಓದಿದಳು.

“ಇದು ಕೋರ್ಟಿಗಿ ಹೋಗ್ತದೇನ್ರಿ?”

“ಹೋಗ್ತದ. ಅಲ್ಲೇ ಉಳೀತದ.”

ಬಂಧನದ ವಿಷಯವನ್ನು ಮನೆಯವರಿಗೆ ತಿಳಿಸುವುದು ನಿಯಮ. ಮೀರಾಬಾಯಿ ಶಾಲುಬಾಯಿಗೆ ಫೋನ್ ಹಚ್ಚಿ, ಹೇಳಬೇಕಾದ್ದನ್ನು ಮೆಲ್ಲಗೆ ಹೇಳಿ, ಫೋನನ್ನು ಮಗಳ ಕೈಗೆ ಕೊಟ್ಟಳು. ಕುತುಬೋದ್ದೀನ ಆ ಪುಟವನ್ನು ಅವಳ ಕಡೆ ತಿರುಗಿಸಿಟ್ಟರು.

“ಅವ್ವಾ, ಅಳಬ್ಯಾಡ. ಕೇಳು, ಸರಕಾರಿ ಕಾಗದದಾಗ ಬರ್ದಾರ,” ಎಂದು ಮಹಾಮಾಯಾ ಓದಿದಳು: “‘ಸದರಿ ಚಿತ್ರದಲ್ಲಿ ಮುಖವಾಡ ಧರಿಸಿದ ಗಗನಪಾಲನಾಗಿ ಅಭಿನಯಿಸಿದವನು ಠಾಣಾ ಕುಶನೂರ ಗ್ರಾಮದ ಮಾಣಿಕ.’”

ಆ ಕಡೆಯಿಂದ ಶಾಲುಬಾಯಿ ಹೇಳಿದಳು:

“ಇನ್ನೊಮ್ಮಿ ಓದು.”